ದೀಪದ ಕಂಬಕ್ಕೆ ಕಟ್ಟಿದ ಅಂತರಜಾಲ



ಬೀದಿಯ ದೀಪಕ್ಕೆ ನಾವು ಯಾರೂ ಅದರ ಕೆಳಗೆ ನಿಂತು ಹಣ ಕೊಡುವುದಿಲ್ಲ. ಅದರ ಬೆಳಕಿನಲ್ಲಿ ಸಾಹುಕಾರನೂ ನಡೆಯುತ್ತಾನೆ, ತಳ್ಳುಗಾಡಿಯವನೂ ನಡೆಯುತ್ತಾನೆ. ಊರಿನವರು ಕಟ್ಟಿದ ತೆರಿಗೆಯಿಂದ ಅದು ಉರಿಯುತ್ತದೆ, ಊರಿಗೆ ಹೊಸಬನಾಗಿ ಬಂದವನಿಗೂ ದಾರಿ ತೋರಿಸುತ್ತದೆ. ಹಾಗಾದರೆ ಅದೇ ಕಂಬದ ಮೇಲೆ ಒಂದು ಪೆಟ್ಟಿಗೆಯನ್ನು ಕಟ್ಟಿ, ಬೆಳಕನ್ನು ಹರಡಿದ ಹಾಗೆಯೇ ಅಂತರಜಾಲವನ್ನೂ ಬೀದಿಗೆ ಹರಡಬಾರದೇಕೆ?

ಈ ಪ್ರಶ್ನೆಯನ್ನು ಜಗತ್ತಿನ ಅನೇಕ ನಗರಗಳು ಕೇಳಿಕೊಂಡಿವೆ. ಆದರೆ ತೀರ ಕಷ್ಟದ ಕಾಲದಲ್ಲಿ ಅದನ್ನು ಕೇಳಿ, ಕೆಲವೇ ವಾರಗಳಲ್ಲಿ ಕೆಲಸಕ್ಕೂ ಇಳಿದ ಊರು ಒಂದಿದೆ. ಅದು ಅಮೆರಿಕದ ಲೂಸಿಯಾನಾ ರಾಜ್ಯದ ನ್ಯೂ ಆರ್ಲಿಯನ್ಸ್. 2005ರ ಕೊನೆಯಲ್ಲಿ ಆರಂಭವಾದ ಆ ಪ್ರಯೋಗ 2008ರಲ್ಲಿ ಮುಗಿದೇಹೋಯಿತು. ಆದರೂ ಆ ಎರಡೂವರೆ ವರ್ಷಗಳ ಕಥೆಯಲ್ಲಿ ವಿಜ್ಞಾನವಿದೆ, ಕಾನೂನಿದೆ, ಅರ್ಥಶಾಸ್ತ್ರವಿದೆ, ಸ್ವಲ್ಪ ರಾಜಕೀಯವೂ ಇದೆ. ಆದ್ದರಿಂದ ಇಂದಿನ ಮಾತಿಗೆ ಅದನ್ನೇ ಆರಿಸಿಕೊಂಡಿದ್ದೇನೆ.

ಮೊದಲು ಆ ಊರಿನ ಪರಿಚಯ ಮಾಡಿಕೊಳ್ಳೋಣ. ಮಿಸಿಸಿಪ್ಪಿ ನದಿ ಸಮುದ್ರ ಸೇರುವುದಕ್ಕೆ ಮೊದಲು ಬಿಲ್ಲಿನಂತೆ ಬಾಗುವ ಒಂದೆಡೆ, 1718ರಲ್ಲಿ ಫ್ರೆಂಚರು ಈ ಊರನ್ನು ಸ್ಥಾಪಿಸಿದರು. 1721ರಲ್ಲಿ ಆದ್ರಿಯೆನ್ ದ ಪೋಜೆ ಎಂಬ ಎಂಜಿನಿಯರು ಚದುರಂಗದ ಹಾಸಿನಂತೆ ನೇರ ಬೀದಿಗಳನ್ನು ಗುರುತಿಸಿದನು. ಆ ಮೂಲ ಊರಿಗೇ ಇಂದು ಫ್ರೆಂಚ್ ಕ್ವಾರ್ಟರ್ ಎಂದು ಹೆಸರು. ಹೆಸರು ಫ್ರೆಂಚ್ ಆದರೂ ಕಟ್ಟಡಗಳ ಲಕ್ಷಣ ಬಹುಮಟ್ಟಿಗೆ ಸ್ಪೇನ್ ದೇಶದ್ದು. ಊರು ಸ್ಪೇನಿನ ಆಳ್ವಿಕೆಯಲ್ಲಿದ್ದಾಗ, 1788 ಮತ್ತು 1794ರಲ್ಲಿ, ಎರಡು ಬಾರಿ ಬೆಂಕಿ ಬಿದ್ದು ಮರದ ಮನೆಗಳು ಸುಟ್ಟುಹೋದವು. ಮತ್ತೆ ಕಟ್ಟುವಾಗ ದಪ್ಪ ಇಟ್ಟಿಗೆಯ ಗೋಡೆ, ಗಾರೆ, ಒಳಗೆ ಅಂಗಳ ಎಂಬ ಕ್ರಮ ಬಂದಿತು. ಕಬ್ಬಿಣದ ಕುಸುರಿ ಕೆಲಸದ ಉಪ್ಪರಿಗೆ ಮೊಗಸಾಲೆಗಳು ಅನಂತರದವು. ಈ ದಪ್ಪ ಗೋಡೆ ಮತ್ತು ಕಬ್ಬಿಣವನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ. ಹಳೆಯ ಊರಿನ ಚಹರೆ ಕೆಡಬಾರದೆಂದು 1930ರ ದಶಕದಲ್ಲೇ ಒಂದು ಆಯೋಗ ರಚಿತವಾಯಿತು. ಮನೆಯ ಹೊರಮೈಯಲ್ಲಿ ಏನನ್ನು ಬದಲಾಯಿಸಬೇಕಾದರೂ ಅದರ ಒಪ್ಪಿಗೆ ಬೇಕು.

2005ರ ಆಗಸ್ಟ್ 29ರಂದು ಕತ್ರಿನಾ ಎಂಬ ಚಂಡಮಾರುತ ಈ ಪ್ರದೇಶಕ್ಕೆ ಅಪ್ಪಳಿಸಿತು. ನೀರನ್ನು ತಡೆಯಬೇಕಾಗಿದ್ದ ಒಡ್ಡುಗಳು ಒಡೆದವು. ನಗರದ ಸುಮಾರು ಶೇಕಡಾ 80 ಭಾಗ ನೀರಿನಲ್ಲಿ ಮುಳುಗಿತು. ಆ ದುರಂತದಲ್ಲಿ ಸಾವಿರಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. 2000ದ ಜನಗಣತಿಯಲ್ಲಿ 4 ಲಕ್ಷ 84 ಸಾವಿರ ಜನರಿದ್ದ ಊರು ವಾರಗಟ್ಟಲೆ ಬರಿದಾಯಿತು.

ಆದರೆ ಫ್ರೆಂಚ್ ಕ್ವಾರ್ಟರ್ ಬಹುಪಾಲು ಮುಳುಗಲಿಲ್ಲ. ಇದು ಪವಾಡವೇನೂ ಅಲ್ಲ, ಭೂಗೋಳ. ನದಿ ಉಕ್ಕಿ ದಡ ಮೀರಿದಾಗ ನೀರಿನ ವೇಗ ತಟ್ಟನೆ ಇಳಿಯುತ್ತದೆ. ಭಾರವಾದ ಮರಳು, ಮೆಕ್ಕಲು ದಡದ ಹತ್ತಿರವೇ ಬೀಳುತ್ತದೆ. ಹಗುರವಾದ ಕೆಸರು ದೂರ ಹೋಗುತ್ತದೆ. ಸಾವಿರಾರು ವರ್ಷ ಹೀಗೆ ನಡೆದಾಗ ನದಿಯ ದಡವೇ ಸುತ್ತಲಿನ ನೆಲಕ್ಕಿಂತ ಎತ್ತರವಾಗುತ್ತದೆ. ಹದಿನೆಂಟನೆಯ ಶತಮಾನದವರು ಮನೆ ಕಟ್ಟಿದ್ದು ಆ ಎತ್ತರದ ಮೇಲೆ. ಇಪ್ಪತ್ತನೆಯ ಶತಮಾನದವರು ಪಂಪು ಮತ್ತು ಒಡ್ಡುಗಳನ್ನು ನಂಬಿ ತಗ್ಗಿನಲ್ಲಿ ಕಟ್ಟಿದರು.

ನೀರಿಗಿಂತ ಮೊದಲು ಊರಿನ ಮಾತು ನಿಂತುಹೋಯಿತು ಎನ್ನಬಹುದು. ಟೆಲಿಫೋನ್ ತಂತಿಗಳಿಗೆ ನೀರು ಹೊಕ್ಕಿತು. ಮೊಬೈಲ್ ಗೋಪುರಗಳಿಗೆ ವಿದ್ಯುತ್ ಇಲ್ಲವಾಯಿತು. ಜನರೇಟರ್‌ಗಳಿಗೆ ಎಣ್ಣೆ ತಲಪಿಸುವ ದಾರಿಯೂ ಇರಲಿಲ್ಲ. ಮೇಯರ್ ರೇ ನೇಗಿನ್ ಮತ್ತು ಅವರ ಸಿಬ್ಬಂದಿ ಒಂದು ಹೋಟೆಲಿನಲ್ಲಿ ಸಿಕ್ಕಿಕೊಂಡಿದ್ದರು. ಆ ಹೋಟೆಲಿನಲ್ಲಿ ಒಂದು ಅಂತರಜಾಲ ಸಂಪರ್ಕ ಮಾತ್ರ ಇನ್ನೂ ಜೀವಂತವಾಗಿತ್ತು. ತಂತ್ರಜ್ಞಾನ ವಿಭಾಗದವರು ಅದಕ್ಕೆ ಅಂತರಜಾಲದ ಮೂಲಕ ಮಾತನಾಡುವ ಟೆಲಿಫೋನನ್ನು ಜೋಡಿಸಿ ಹೊರಜಗತ್ತನ್ನು ತಲಪಿದರು. ಅಮೆರಿಕದ ಅಧ್ಯಕ್ಷರು ಮೇಯರನ್ನು ಸಂಪರ್ಕಿಸಿದ್ದೂ ಆ ಟೆಲಿಫೋನಿನಲ್ಲೇ ಎಂದು ಪತ್ರಿಕೆಗಳು ಆಗ ವರದಿ ಮಾಡಿದವು.

ಸಾಮಾನ್ಯ ಜನರ ಪಾಡನ್ನೂ ನೋಡಿ. ಊರು ಬಿಟ್ಟವರು ಸರ್ಕಾರದ ಪರಿಹಾರಕ್ಕೆ ಟೆಲಿಫೋನ್ ಮೂಲಕ ಇಲ್ಲವೇ ಅಂತರಜಾಲದ ಮೂಲಕ ಅರ್ಜಿ ಹಾಕಬೇಕಾಗಿತ್ತು. ಕೇಂದ್ರದ ವಿಪತ್ತು ನಿರ್ವಹಣಾ ಸಂಸ್ಥೆಯ ಅರ್ಜಿ ನಮೂನೆ ಆರಂಭದಲ್ಲಿ ಇಂಟರ್ನೆಟ್ ಎಕ್ಸ್‌ಪ್ಲೋರರ್ 6 ಎಂಬ ಒಂದೇ ತಂತ್ರಾಂಶದಲ್ಲಿ ತೆರೆಯುತ್ತಿತ್ತು! ಬೇರೆ ತಂತ್ರಾಂಶ ಇದ್ದವರಿಗೆ ಅದೂ ಇಲ್ಲ. ಅಂತರಜಾಲ ಎಂಬುದು ಅನುಕೂಲಸ್ಥರ ವಿನೋದ ಎಂಬ ಭಾವನೆ ಆ ದಿನಗಳಲ್ಲಿ ಅಮೆರಿಕದಲ್ಲೂ ಇತ್ತು. ಆ ಭಾವನೆ ಆ ಸೆಪ್ಟೆಂಬರ್ ತಿಂಗಳಲ್ಲಿ ಬಿದ್ದುಹೋಯಿತು. ಪರಿಹಾರದ ಅರ್ಜಿ, ವಿಮೆಯ ಪತ್ರ, ಕಳೆದುಹೋದ ಬಂಧುಗಳ ಹುಡುಕಾಟ ಎಲ್ಲದಕ್ಕೂ ಅದೇ ಬಾಗಿಲಾಯಿತು.

ಈ ಹಿನ್ನೆಲೆಯಲ್ಲಿ 2005ರ ನವೆಂಬರ್ 29ರಂದು ಮೇಯರ್ ಒಂದು ಘೋಷಣೆ ಮಾಡಿದರು. ನಗರಾಡಳಿತವೇ ಒಡೆತನ ಹೊಂದಿದ, ಎಲ್ಲರಿಗೂ ಉಚಿತವಾದ ನಿಸ್ತಂತು ಅಂತರಜಾಲ. ಮೊದಲು ಫ್ರೆಂಚ್ ಕ್ವಾರ್ಟರ್ ಮತ್ತು ಪಕ್ಕದ ವ್ಯಾಪಾರ ಕೇಂದ್ರದಲ್ಲಿ, ಮುಂದೆ ಇಡೀ ಊರಿನಲ್ಲಿ. ಉಪಕರಣಗಳ ದೊಡ್ಡ ಪಾಲನ್ನು ಇಂಟೆಲ್, ಟ್ರೋಪೋಸ್ ಮೊದಲಾದ ಕಂಪನಿಗಳು ದಾನವಾಗಿ ಕೊಟ್ಟವು. ಚಪ್ಪಲಿ ಡಬ್ಬದಷ್ಟು ದೊಡ್ಡ ಪೆಟ್ಟಿಗೆಗಳು ಬೀದಿದೀಪದ ಕಂಬಗಳನ್ನು ಏರಿದವು.

ಈಗ ಆ ಪೆಟ್ಟಿಗೆಯೊಳಗಿನ ವಿಜ್ಞಾನಕ್ಕೆ ಬರೋಣ.

ವೈ-ಫೈ ಎಂದು ನಾವು ಕರೆಯುವುದು ರೇಡಿಯೊ ಅಲೆಗಳನ್ನೇ. ಆ ಕಾಲದ ವೈ-ಫೈ ಬಳಸುತ್ತಿದ್ದ ಆವರ್ತನ ಸುಮಾರು 2.4 ಗಿಗಾಹರ್ಟ್ಜ್, ಅಂದರೆ ಸೆಕೆಂಡಿಗೆ 240 ಕೋಟಿ ಕಂಪನಗಳು. ಬೆಳಕಿನ ವೇಗವನ್ನು ಆವರ್ತನದಿಂದ ಭಾಗಿಸಿದರೆ ತರಂಗದ ಉದ್ದ ಸಿಗುತ್ತದೆಂದು ನೀವು ಭೌತಶಾಸ್ತ್ರದಲ್ಲಿ ಕಲಿತಿದ್ದೀರಿ. 30 ಕೋಟಿ ಮೀಟರನ್ನು 240 ಕೋಟಿಯಿಂದ ಭಾಗಿಸಿ ನೋಡಿ, 12.5 ಸೆಂಟಿಮೀಟರ್, ಅಂದರೆ ಹೆಚ್ಚು ಕಡಿಮೆ ಒಂದು ಗೇಣಿಗಿಂತ ಚಿಕ್ಕದು. ನಿಮ್ಮ ಮನೆಯ ಮೈಕ್ರೊವೇವ್ ಒಲೆ ಕೆಲಸ ಮಾಡುವುದೂ ಈ ಆವರ್ತನದ ಆಸುಪಾಸಿನಲ್ಲೇ. ಅಮೆರಿಕದಲ್ಲಿ 1985ರಲ್ಲಿ ಈ ಪಟ್ಟಿಯಲ್ಲಿ ಕಡಿಮೆ ಶಕ್ತಿಯ ಸಂಪರ್ಕ ಸಾಧನಗಳನ್ನು ಲೈಸೆನ್ಸ್ ಇಲ್ಲದೆ ಬಳಸಲು ಅವಕಾಶವಾಯಿತು. ಭಾರತದಲ್ಲಿ ಹೊರಾಂಗಣದಲ್ಲೂ ಬಳಸುವ ಸ್ವಾತಂತ್ರ್ಯ 2005ರಲ್ಲಿ ಬಂದಿತು. 1999ರ 802.11ಬಿ ಎಂಬ ಮಾನಕದಿಂದ ವೈ-ಫೈ ಮನೆಮನೆಯ ಮಾತಾಯಿತು. ಲೈಸೆನ್ಸಿನ ಹಂಗಿಲ್ಲ ಎಂಬುದೇ ಒಂದು ನಗರಸಭೆ ಇಂಥ ಸಾಹಸಕ್ಕೆ ಇಳಿಯಲು ಧೈರ್ಯ ಕೊಟ್ಟ ಮುಖ್ಯ ಸಂಗತಿ.

ಇಲ್ಲಿ ದೂರದರ್ಶನದ ಉದಾಹರಣೆ ಸಹಾಯಕ್ಕೆ ಬರುತ್ತದೆ. ಟಿ.ವಿ. ಪ್ರಸಾರದ ಗೋಪುರ ಮಾತನಾಡುತ್ತದೆ, ನಿಮ್ಮ ಮನೆಯ ಆಂಟೆನಾ ಕೇಳುತ್ತದೆ. ಆಂಟೆನಾ ಮರಳಿ ಏನನ್ನೂ ಹೇಳಬೇಕಾಗಿಲ್ಲ. ಆದ್ದರಿಂದ ಗೋಪುರವನ್ನು ಎತ್ತರ ಮಾಡಿ, ಕಿಲೊವ್ಯಾಟುಗಟ್ಟಲೆ ಶಕ್ತಿ ತುಂಬಿದರೆ ಜಿಲ್ಲೆಗೆ ಜಿಲ್ಲೆಯನ್ನೇ ಒಂದು ಗೋಪುರ ಮುಟ್ಟುತ್ತದೆ. ಅಂತರಜಾಲ ಹಾಗಲ್ಲ, ಅದು ಸಂಭಾಷಣೆ. ಕಂಬದ ಮೇಲಿನ ಪೆಟ್ಟಿಗೆ ಎಷ್ಟೇ ಜೋರಾಗಿ ಕೂಗಿದರೂ ಸಾಲದು. ನಿಮ್ಮ ಕಂಪ್ಯೂಟರ್ ಪಿಸುಗುಟ್ಟಿದ್ದು ಅದಕ್ಕೆ ಕೇಳಿಸಬೇಕು. ಕಂಪ್ಯೂಟರಿನ ವೈ-ಫೈ ಹೊರಸೂಸುವ ಶಕ್ತಿ ಸಾಮಾನ್ಯವಾಗಿ ಒಂದು ವ್ಯಾಟಿನ ಹತ್ತನೆಯ ಒಂದು ಭಾಗಕ್ಕಿಂತ ಹೆಚ್ಚಿರುವುದಿಲ್ಲ. ಬಯಲಿನಲ್ಲೂ ದೂರ ಇಮ್ಮಡಿಯಾದರೆ ಬಲ ನಾಲ್ಕನೆಯ ಒಂದಕ್ಕೆ ಇಳಿಯುತ್ತದೆ. ಆದ್ದರಿಂದ ಒಂದೇ ಎತ್ತರದ ಗೋಪುರದ ಬದಲು, ಅನೇಕ ಗಿಡ್ಡ ಕಂಬಗಳು ಬೇಕು.

ಹಾಗಾದರೆ ಪ್ರತಿ ಕಂಬಕ್ಕೂ ತಂತಿ ಎಳೆಯಬೇಕೆ? ಬೇಕಾಗಿಲ್ಲ. ಇದಕ್ಕೆ ಕಂಡುಕೊಂಡ ಉಪಾಯವೇ ಬಲೆಯ ಹೆಣಿಗೆ. ಕೆಲವು ಪೆಟ್ಟಿಗೆಗಳು ಮಾತ್ರ ಅಂತರಜಾಲದ ದೊಡ್ಡ ಸಂಪರ್ಕಕ್ಕೆ ಸೇರಿಕೊಂಡಿರುತ್ತವೆ. ಉಳಿದವು ತಮಗೆ ಬಂದ ಸಂದೇಶವನ್ನು ಪಕ್ಕದ ಪೆಟ್ಟಿಗೆಗೆ ದಾಟಿಸುತ್ತವೆ. ಬಾವಿಯಿಂದ ಕೊಡ ಕೈಯಿಂದ ಕೈಗೆ ಸಾಗುವ ಹಾಗೆ. ನಡುವೆ ಒಬ್ಬರು ಎದ್ದುಹೋದರೆ ಸಾಲು ಬಳಸಿಕೊಂಡು ಸಾಗುತ್ತದೆ. ಬಿರುಗಾಳಿಗೆ ತತ್ತರಿಸಿದ, ನೆಲದೊಳಗಿನ ತಂತಿ ಹಾಳಾದ ಊರಿಗೆ ಇದಕ್ಕಿಂತ ತಕ್ಕ ವ್ಯವಸ್ಥೆ ಬೇರೆ ಇರಲಾರದು. ಪುರಾತನ ಬೀದಿಗೂ ಇದು ಒಗ್ಗುತ್ತದೆ: ಕಲ್ಲುಹಾಸನ್ನು ಅಗೆಯಬೇಕಾಗಿಲ್ಲ, ಮನೆಗಳ ಹೊರಮೈಗೆ ಮೊಳೆ ಹೊಡೆಯಬೇಕಾಗಿಲ್ಲ. ವಿದ್ಯುತ್ತು ಕಂಬದಲ್ಲೇ ಇದೆ.

ಆದರೆ ಪ್ರಕೃತಿ ಯಾವುದನ್ನೂ ಪುಕ್ಕಟೆ ಕೊಡುವುದಿಲ್ಲ. ಒಂದೇ ರೇಡಿಯೊ ಇರುವ ಪೆಟ್ಟಿಗೆ ಏಕಕಾಲಕ್ಕೆ ಕೇಳುವುದು, ಹೇಳುವುದು ಎರಡನ್ನೂ ಮಾಡಲಾರದು. ಹೀಗಾಗಿ ಸಂದೇಶ ಒಂದೊಂದು ಪೆಟ್ಟಿಗೆ ದಾಟಿದಂತೆಲ್ಲ ವೇಗ ಕುಗ್ಗುತ್ತದೆ. ಇನ್ನು ಆ ದಪ್ಪ ಗೋಡೆಗಳು. ಗೇಣಿಗಿಂತ ಚಿಕ್ಕ ತರಂಗ ಹಸಿ ಇಟ್ಟಿಗೆ, ಗಾರೆ, ಕಬ್ಬಿಣದ ಜಾಲರಿಗಳನ್ನು ದಾಟುವಾಗ ಸೊರಗಿಬಿಡುತ್ತದೆ. ಬೀದಿಯಲ್ಲಿ, ಚೌಕದಲ್ಲಿ, ಉಪ್ಪರಿಗೆಯ ಮೊಗಸಾಲೆಯಲ್ಲಿ ಚೆನ್ನಾಗಿ ಸಿಗುವ ಸಂಕೇತ ಒಳಗಿನ ಕೋಣೆಯಲ್ಲಿ ಕ್ಷೀಣವಾಗುತ್ತದೆ. ಪ್ರವಾಸಿಗೆ ಇದು ದೊಡ್ಡ ತೊಂದರೆಯಲ್ಲ. ಮನೆಯೊಳಗೆ ಕೂತು ಅರ್ಜಿ ತುಂಬಬೇಕಾದ ನಿವಾಸಿಗೆ ಇದೇ ತೊಂದರೆ.

ವಿಜ್ಞಾನದ ತೊಡಕಿಗೆ ಎಂಜಿನಿಯರು ಪರಿಹಾರ ಹುಡುಕಬಲ್ಲ. ಮುಂದೆ ಎದುರಾದದ್ದು ಕಾನೂನಿನ ತೊಡಕು.

2004ರಲ್ಲೇ ಲೂಸಿಯಾನಾ ರಾಜ್ಯ ಒಂದು ಕಾಯ್ದೆ ಮಾಡಿತ್ತು. ನಗರಾಡಳಿತಗಳು ತಾವೇ ದೂರಸಂಪರ್ಕದ ಸೇವೆಗೆ ಇಳಿಯುವುದಕ್ಕೆ ಅದರಲ್ಲಿ ಹಲವು ಷರತ್ತುಗಳಿದ್ದವು. ಆ ಷರತ್ತುಗಳನ್ನು ಪೂರೈಸದೆ ಕೊಡುವ ಸೇವೆಯ ವೇಗ ಸೆಕೆಂಡಿಗೆ 144 ಕಿಲೊಬಿಟ್ ಮೀರಬಾರದು. ನ್ಯೂ ಆರ್ಲಿಯನ್ಸ್ ಕೊಟ್ಟದ್ದು 512 ಕಿಲೊಬಿಟ್. ತುರ್ತುಪರಿಸ್ಥಿತಿ ಜಾರಿಯಲ್ಲಿರುವವರೆಗೆ ಈ ವೇಗ ಕೊಡಬಹುದು, ಅದು ಮುಗಿದ ಮೇಲೆ ಮಿತಿಯೊಳಗೆ ಇಳಿಸುತ್ತೇವೆ ಎಂಬುದು ನಗರದ ನಿಲುವು.

ಈ ಎರಡು ಸಂಖ್ಯೆಗಳ ಅರ್ಥವೇನು? ಒಂದು ಲೆಕ್ಕ ಮಾಡೋಣ. 5 ಮೆಗಾಬೈಟಿನ ಒಂದು ಕಡತವನ್ನು ಇಳಿಸಿಕೊಳ್ಳಬೇಕಾಗಿದೆ ಎನ್ನಿ. ಒಂದು ಬೈಟಿಗೆ 8 ಬಿಟ್. ಆದ್ದರಿಂದ 40 ಮೆಗಾಬಿಟ್, ಅಂದರೆ 40,000 ಕಿಲೊಬಿಟ್. 512ರಿಂದ ಭಾಗಿಸಿದರೆ ಸುಮಾರು 78 ಸೆಕೆಂಡು. 144ರಿಂದ ಭಾಗಿಸಿದರೆ ಸುಮಾರು 278 ಸೆಕೆಂಡು, ಅಂದರೆ ನಾಲ್ಕೂವರೆ ನಿಮಿಷಕ್ಕೂ ಮೇಲು. ಮುರಿದ ಮನೆಯ ಹತ್ತು ಛಾಯಾಚಿತ್ರಗಳನ್ನು ವಿಮಾ ಕಂಪನಿಗೆ ಕಳಿಸಬೇಕಾದವನಿಗೆ ಈ ವ್ಯತ್ಯಾಸ ಸಣ್ಣದಲ್ಲ.

ಇಲ್ಲಿ ಎರಡೂ ಕಡೆಯ ವಾದವನ್ನು ಕೇಳುವುದು ನ್ಯಾಯ. ಟೆಲಿಫೋನ್ ಮತ್ತು ಕೇಬಲ್ ಕಂಪನಿಗಳು ಹೇಳುತ್ತಿದ್ದದ್ದು ಇದು: "ನಾವು ಬಂಡವಾಳ ಹೂಡುತ್ತೇವೆ, ತೆರಿಗೆ ಕಟ್ಟುತ್ತೇವೆ. ನಮ್ಮ ಮೇಲೆ ನಿಯಮ ವಿಧಿಸುವ ನಗರಸಭೆಯೇ ನಮ್ಮ ಎದುರು ಅಂಗಡಿ ತೆರೆದರೆ ಸ್ಪರ್ಧೆ ಎಲ್ಲಿ ಉಳಿಯಿತು?" ನಗರದ ಪರವಾಗಿದ್ದವರ ಉತ್ತರ: "ರಸ್ತೆ, ನೀರು, ದೀಪಗಳನ್ನು ಊರೇ ಒದಗಿಸುವುದಿಲ್ಲವೆ? ಕಂಪನಿಗಳ ತಂತಿ ಕೊಚ್ಚಿಹೋದಾಗ ಜನರು ಕಾಯುತ್ತ ಕೂರಬೇಕೆ?" ಈ ತಿಕ್ಕಾಟ ಬೇಗನೆ ಬೀದಿಗೆ ಬಂದಿತು. ಪೊಲೀಸರ ಬಳಕೆಗೆಂದು ಕೊಡಲು ಮುಂದಾಗಿದ್ದ ಒಂದು ಕಟ್ಟಡವನ್ನು, ಉಚಿತ ಜಾಲದ ಸುದ್ದಿ ತಿಳಿದೊಡನೆ ಬೆಲ್‌ಸೌತ್ ಟೆಲಿಫೋನ್ ಕಂಪನಿ ಹಿಂತೆಗೆದುಕೊಂಡಿತೆಂದು ನಗರದ ಅಧಿಕಾರಿಗಳು ಆರೋಪಿಸಿದರು. ಕಂಪನಿ ಆ ಮಾತನ್ನು ಒಪ್ಪಲಿಲ್ಲ.

2006ರಲ್ಲಿ ಅರ್ಥ್‌ಲಿಂಕ್ ಎಂಬ ಖಾಸಗಿ ಕಂಪನಿ ಮುಂದೆ ಬಂದಿತು. ತನ್ನ ಖರ್ಚಿನಲ್ಲೇ ಜಾಲವನ್ನು ಹರಡುತ್ತೇನೆ. ನಿಧಾನದ ಸೇವೆ ಉಚಿತ, ವೇಗದ ಸೇವೆಗೆ ತಿಂಗಳ ಶುಲ್ಕ ಎಂದಿತು. ಹಣವಿಲ್ಲದ ನಗರಕ್ಕೆ ಇದು ವರದಂತೆ ಕಂಡಿತು. ಕಾಯ್ದೆಯ ಮಿತಿ ಖಾಸಗಿ ಕಂಪನಿಗೆ ಅನ್ವಯಿಸುವುದಿಲ್ಲವಲ್ಲ! ಆದರೆ ಲೆಕ್ಕ ಕೂಡಲಿಲ್ಲ. ಇದೇ ಕಂಪನಿ ಕೈಹಾಕಿದ್ದ ಫಿಲಡೆಲ್ಫಿಯಾ ಮೊದಲಾದ ನಗರಗಳಲ್ಲೂ ಇದೇ ಅನುಭವವಾಯಿತು. ಪ್ರತಿ ಚದರ ಮೈಲಿಗೆ ಅಂದಾಜು ಮಾಡಿದ್ದಕ್ಕಿಂತ ಹೆಚ್ಚು ಪೆಟ್ಟಿಗೆಗಳು ಬೇಕಾದವು. ಮನೆಯೊಳಗೆ ಸಂಕೇತ ಸರಿಯಾಗಿ ಸಿಗದಿದ್ದುದರಿಂದ ಹಣ ಕೊಡುವ ಚಂದಾದಾರರು ಬೇಕಾದಷ್ಟು ಬರಲಿಲ್ಲ. ಅಷ್ಟರಲ್ಲಿ ಮೊಬೈಲ್ ಫೋನುಗಳಲ್ಲೇ ಅಂತರಜಾಲ ಬರಲು ಆರಂಭವಾಗಿತ್ತು. 2007ರಲ್ಲಿ ಕಂಪನಿ ತನ್ನ ನೌಕರರಲ್ಲಿ ಅರ್ಧದಷ್ಟು ಜನರನ್ನು ತೆಗೆಯಿತು. 2008ರಲ್ಲಿ ನ್ಯೂ ಆರ್ಲಿಯನ್ಸ್‌ನ ಜಾಲವನ್ನೂ ನಿಲ್ಲಿಸಿತು.

ಮಿತ್ರರೇ, ಇನ್ನೊಂದು ಸಂಗತಿಯನ್ನು ಮರೆಮಾಚುವುದು ಸರಿಯಲ್ಲ. ನಗರದ ತಂತ್ರಜ್ಞಾನ ವಿಭಾಗದ ಮುಖ್ಯಸ್ಥರಾಗಿದ್ದವರು ಗುತ್ತಿಗೆದಾರನೊಬ್ಬನಿಂದ ಲಂಚ ಪಡೆದುದಾಗಿ 2010ರಲ್ಲಿ ನ್ಯಾಯಾಲಯದ ಮುಂದೆ ಒಪ್ಪಿಕೊಂಡರು. ಮೇಯರ್ ನೇಗಿನ್ ಅವರಿಗೂ ಭ್ರಷ್ಟಾಚಾರದ ಪ್ರಕರಣದಲ್ಲಿ 2014ರಲ್ಲಿ ಹತ್ತು ವರ್ಷದ ಸೆರೆವಾಸದ ಶಿಕ್ಷೆಯಾಯಿತು. ಸಾರ್ವಜನಿಕ ಸೇವೆ ಒಳ್ಳೆಯದು ಎಂದ ಮಾತ್ರಕ್ಕೆ ಅದನ್ನು ನಡೆಸುವವರ ಲೆಕ್ಕಪತ್ರವನ್ನು ನೋಡದೆ ಬಿಡಲಾಗದು. ಅಲ್ಲದೆ ಆ ನಿಸ್ತಂತು ಪೆಟ್ಟಿಗೆಗಳ ತಂತ್ರವನ್ನು ನಗರ ಮೊದಲು ಬಳಸಿದ್ದು ಪೊಲೀಸರ ಕಣ್ಗಾವಲು ಕ್ಯಾಮೆರಾಗಳಿಗೆ. ಬೀದಿಗೆ ಸಂಪರ್ಕ ಕೊಡುವ ಕಂಬವೇ ಬೀದಿಯನ್ನು ನೋಡುತ್ತಲೂ ಇರಬಲ್ಲದು. ಏನನ್ನು ದಾಖಲಿಸುತ್ತಾರೆ, ಯಾರು ನೋಡುತ್ತಾರೆ, ಎಷ್ಟು ದಿನ ಇಡುತ್ತಾರೆ ಎಂದು ಕೇಳುವ ಹಕ್ಕು ನಾಗರಿಕರಿಗೆ ಇರಬೇಕು.

ಹಾಗಾದರೆ ನಗರಾಡಳಿತ ಇಂಥ ಕೆಲಸಕ್ಕೆ ಕೈಹಾಕಲೇಬಾರದೆ? ಅದೇ ಲೂಸಿಯಾನಾದ ಲಫಯೆಟ್ ಎಂಬ ಊರು ಬೇರೆಯೇ ಉತ್ತರ ಕೊಟ್ಟಿತು. ಅಲ್ಲಿ ನೂರು ವರ್ಷಕ್ಕೂ ಮೇಲ್ಪಟ್ಟು ವಿದ್ಯುತ್ತನ್ನೂ ನೀರನ್ನೂ ಊರಿನದೇ ಸಂಸ್ಥೆ ಒದಗಿಸುತ್ತಿತ್ತು. ಮನೆಮನೆಗೆ ಗಾಜಿನ ಎಳೆಯ ಮೂಲಕ ಅಂತರಜಾಲ ಕೊಡಲು ಸಾಲ ಎತ್ತಬೇಕೆ ಎಂಬ ಪ್ರಶ್ನೆಯನ್ನು 2005ರ ಜುಲೈನಲ್ಲಿ, ಕತ್ರಿನಾ ಬರುವ ಮೊದಲೇ, ಜನರ ಮುಂದೆ ಮತಕ್ಕಿಟ್ಟರು. ಶೇಕಡಾ 62ರಷ್ಟು ಮಂದಿ ಒಪ್ಪಿದರು. ಕಾನೂನಿನ ಹೋರಾಟ ಮುಗಿಸಿ 2009ರಲ್ಲಿ ಸೇವೆ ಆರಂಭಿಸಿದರು. ಅಲ್ಲಿ ಸೇವೆ ಉಚಿತವಲ್ಲ, ಆದರೆ ಉಳಿದುಕೊಂಡಿತು. ಯಾರು ಹಣ ಕೊಡುತ್ತಾರೆ ಎಂಬುದನ್ನು ಮೊದಲೇ ತೀರ್ಮಾನಿಸಿದ್ದು, ಆ ತೀರ್ಮಾನದಲ್ಲಿ ಜನರನ್ನು ಸೇರಿಸಿಕೊಂಡದ್ದು ಅಲ್ಲಿನ ವಿಶೇಷ.

ನಮ್ಮಲ್ಲೂ ಈ ಪ್ರಯತ್ನಗಳು ನಡೆದಿವೆ. 2014ರ ಜನವರಿಯಲ್ಲಿ ಬೆಂಗಳೂರಿನ ಮಹಾತ್ಮ ಗಾಂಧಿ ರಸ್ತೆ, ಬ್ರಿಗೇಡ್ ರಸ್ತೆಗಳಲ್ಲಿ "ನಮ್ಮ ವೈ-ಫೈ" ಆರಂಭವಾಯಿತು. ಆದರೆ ಹೆಚ್ಚು ವರ್ಷ ಬಾಳಲಿಲ್ಲ. 2016ರ ಜನವರಿಯಲ್ಲಿ ಮುಂಬಯಿ ಸೆಂಟ್ರಲ್‌ನಿಂದ ಆರಂಭಿಸಿ ರೈಲ್‌ಟೆಲ್ ಮತ್ತು ಗೂಗಲ್ ಸೇರಿ ರೈಲು ನಿಲ್ದಾಣಗಳಲ್ಲಿ ಉಚಿತ ವೈ-ಫೈ ಒದಗಿಸಿದವು. ಕೇರಳದ ಎರ್ನಾಕುಲಂ ನಿಲ್ದಾಣದಲ್ಲಿ ಮೂಟೆ ಹೊರುವ ಕೆಲಸ ಮಾಡುತ್ತಿದ್ದ ಯುವಕನೊಬ್ಬ ಈ ವೈ-ಫೈ ಮೂಲಕ ಪಾಠಗಳನ್ನು ಕಿವಿಗೆ ಹಾಕಿಕೊಂಡು, ಲೋಕಸೇವಾ ಆಯೋಗದ ಲಿಖಿತ ಪರೀಕ್ಷೆಯಲ್ಲಿ 2018ರಲ್ಲಿ ಉತ್ತೀರ್ಣನಾದ. ಮೂಟೆ ತಲೆಯ ಮೇಲೆ, ಪಾಠ ಕಿವಿಯಲ್ಲಿ! ಗೂಗಲ್ 2020ರಲ್ಲಿ ಆ ಯೋಜನೆಯಿಂದ ಹಿಂದೆ ಸರಿಯುವುದಾಗಿ ಹೇಳಿತು, ರೈಲ್‌ಟೆಲ್ ಮುಂದುವರಿಸಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಕೇಂದ್ರ ಸಂಪುಟ ಪಿ.ಎಂ.-ವಾಣಿ ಯೋಜನೆಗೆ ಒಪ್ಪಿಗೆ ನೀಡಿತು. ಇದರಂತೆ ಚಹಾ ಅಂಗಡಿಯವನೂ, ಕಿರಾಣಿ ಅಂಗಡಿಯವನೂ ಲೈಸೆನ್ಸ್ ಇಲ್ಲದೆ ವೈ-ಫೈ ಒದಗಿಸಬಹುದು. ಒಂದೇ ದೊಡ್ಡ ಕಂಪನಿಯ ಬದಲು ಅನೇಕ ಚಿಕ್ಕ ಕೈಗಳು. ಬಲೆಯ ಹೆಣಿಗೆಯ ತತ್ವವೇ ಆಡಳಿತಕ್ಕೆ ಬಂದಂತೆ.

ಸಾರ್ವಜನಿಕ ವೈ-ಫೈ ಬಳಸುವ ನಿಮಗೆ ಒಂದು ಕಿವಿಮಾತು. ಗಾಳಿಯಲ್ಲಿ ಹೋಗುವ ಅಲೆ ಯಾರ ಆಂಟೆನಾಕ್ಕೂ ಸಿಗುತ್ತದೆ. ತಾಣದ ವಿಳಾಸ "ಎಚ್‌ಟಿಟಿಪಿಎಸ್" ಎಂದು ಆರಂಭವಾದರೆ ನಡುವಿನವರಿಗೆ ನಿಮ್ಮ ಸಂದೇಶ ಗೂಢಲಿಪಿಯಾಗಿ ಮಾತ್ರ ಕಾಣುತ್ತದೆ. ಆದರೂ ಜಾಲದ ಹೆಸರನ್ನು ಖಚಿತಪಡಿಸಿಕೊಳ್ಳದೆ ಸೇರಬೇಡಿ. ಬ್ಯಾಂಕಿನ ವ್ಯವಹಾರವನ್ನು ಬೀದಿಯ ಜಾಲದಲ್ಲಿ ಮಾಡದಿರುವುದೇ ಲೇಸು.

ನಿಮ್ಮ ಶಾಲೆ ಕಾಲೇಜುಗಳಲ್ಲಿ ಚರ್ಚಾಸ್ಪರ್ಧೆಗಳು ನಡೆಯುತ್ತವೆ. ಈ ವಿಷಯವನ್ನು ಅಲ್ಲಿಗೆ ಒಯ್ಯಿರಿ. ನಿಮ್ಮ ಊರಿನ ಹಳೆಯ ಪೇಟೆಯ ನಕ್ಷೆ ಬಿಡಿಸಿ, ದೀಪದ ಕಂಬಗಳನ್ನು ಎಣಿಸಿ. ಎಷ್ಟು ಪೆಟ್ಟಿಗೆ ಬೇಕಾದೀತು, ಯಾವ ಗೋಡೆ ಅಡ್ಡ ಬಂದೀತು, ಕೆಟ್ಟುಹೋದರೆ ಯಾರು ಏಣಿ ಹತ್ತಬೇಕು, ಅವರ ಸಂಬಳ ಎಲ್ಲಿಂದ ಬರಬೇಕು ಎಂದು ಬರೆಯಿರಿ. ಪೆಟ್ಟಿಗೆ ಕಟ್ಟಲು ನ್ಯೂ ಆರ್ಲಿಯನ್ಸ್‌ಗೆ ಕೆಲವು ವಾರಗಳು ಸಾಕಾದವು. ಐದನೆಯ ವರ್ಷದಲ್ಲೂ ಅದು ಕೆಲಸ ಮಾಡುತ್ತಿರಬೇಕಾದರೆ ಈ ಕೊನೆಯ ಪ್ರಶ್ನೆಗೆ ಉತ್ತರ ಇರಲೇಬೇಕು. ಬೀದಿಯ ದೀಪ ಉರಿಯುತ್ತಿರುವುದು ಅದರ ಬಿಲ್ಲನ್ನು ಪ್ರತಿ ತಿಂಗಳೂ ಯಾರೋ ಕಟ್ಟುತ್ತಿರುವುದರಿಂದ.